ನಿವೃತ್ತಿ ಶಕ ಒಂಬತ್ತು

ನಮ್ಮ ಕಡೆ ತಾಲೂಕಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಹಾವೇರಿಯಲ್ಲಿದ್ದಾರೆ, ರಾಣೆಬೆನ್ನೂರಿನಲ್ಲಿದ್ದಾರೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿನ ನಡುವೆ ಸೀನುತ್ತಲೇ ಇದ್ದಾರೆ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿ ನಿವೃತ್ತರಾದವರು. ಅಷ್ಟು ವರ್ಷ ಪಾಠವನ್ನು ನಲವತ್ತು ನಿಮಿಷಕ್ಕೆ ಗಂಟೆ ಬಾರಿಸಿ ನಿಲ್ಲಿಸುತ್ತಿದ್ದ ಜವಾನ ಈಗ ಇಲ್ಲ ಎಂಬುದೇ ಅವರ ನಿವೃತ್ತಿಯ ದೊಡ್ಡ ಸುಖ. ನಮಗೆ ಅದೇ ಕಷ್ಟ.

ನಾನು ಹೇಳಹೊರಟಿರುವವರನ್ನು ಊರು 'ಕಲ್ಲ ಸರ್' ಎಂದು ಕರೆಯುತ್ತದೆ. ಫೋನಿನಲ್ಲಿ ಹೊಸಬರಿಗೆ ಇದು 'ಕಳ್ಳ ಸರ್' ಎಂದು ಕೇಳಿಸಿ ಒಂದೆರಡು ಸಲ ಫಜೀತಿಯಾಗಿದೆ. ಬಗಲಲ್ಲಿ ಖಾಕಿ ಚೀಲ. ಅದರಲ್ಲಿ ತೆಂಗಿನ ನಾರಿನ ಬ್ರಷ್ಷು, ಅಳತೆ ಟೇಪು, ಟಾರ್ಚು, ಬಿಳಿ ಹಾಳೆಯ ಸುರುಳಿ, ನೀರಿನ ಬಾಟಲಿ. ಟಾರ್ಚು ಕತ್ತಲೆಗಲ್ಲ. ಮಟಮಟ ಮಧ್ಯಾಹ್ನ ಕಲ್ಲಿಗೆ ಅಡ್ಡಡ್ಡ ಬೆಳಕು ಬಿಟ್ಟರೆ ಸವೆದ ಅಕ್ಷರದ ನೆರಳು ಏಳುತ್ತದಂತೆ. ಬಿಸಿಲಲ್ಲಿ ಟಾರ್ಚು ಹಿಡಿದು ಗೋಡೆಗೆ ಕೆನ್ನೆ ಹಚ್ಚಿ ನಿಂತ ಹಿರಿಯರನ್ನು ನೋಡಿ ಹೊಸದಾಗಿ ಬಂದ ಪೊಲೀಸ್ ಪೇದೆಯೊಬ್ಬ, "ಅಜ್ಜಾರ, ಮನಿ ಎಲ್ಲೈತ್ರಿ? ಬಿಟ್ಟು ಬರ್ಲಿ?" ಎಂದು ಕೇಳಿದ್ದುಂಟು.

ನಮ್ಮ ಮನೆಯಿಂದ ಪುರಸಿದ್ಧೇಶ್ವರ ಗುಡಿಗೆ ನಾನೊಬ್ಬನೇ ಹೋದರೆ ಹತ್ತು ನಿಮಿಷ. ಸರ್ ಜೊತೆ ಹೊರಟರೆ ಒಂದೂವರೆ ತಾಸು. ದಾರಿಯಲ್ಲಿರುವ ಕಲ್ಲುಗಳೆಲ್ಲ ಅವರ ಪರಿಚಯಸ್ಥರು. ಒಂದು ಓಣಿಯಲ್ಲಿ ಹೆಣ್ಣುಮಗಳೊಬ್ಬಳು ಅರಿವೆ ಒಗೆಯುತ್ತಿದ್ದಳು. ಸರ್ ಗಕ್ಕನೆ ನಿಂತರು. ಅವಳು ಸೆರಗು ಸರಿಮಾಡಿಕೊಂಡಳು. ಪಾಪ, ಅವರು ನೋಡಿದ್ದು ಒಗೆಯುವ ಕಲ್ಲನ್ನು.

"ತಂಗಿ, ಇದು ವೀರಗಲ್ಲವಾ. ಕೆಳಗ ಯುದ್ಧ, ನಡುವ ಅಪ್ಸರೆಯರು ಅವನನ್ನ ಕರಕೊಂಡು ಹೊಂಟಾರ, ಮ್ಯಾಲೆ ಕೈಲಾಸದಾಗ ಲಿಂಗದ ಮುಂದ ಕುಂತಾನ. ಸೂರ್ಯ ಚಂದ್ರ ಕಾಣ್ತಾವಲ್ಲ? ಅವು ಇರೂತನಕ ಇವನ ಹೆಸರು ಇರ್ಲಿ ಅಂತ ಕೆತ್ತ್ಯಾರ."

ಅವಳು ಕಲ್ಲು ನೋಡಿದಳು, ಕೈಯಲ್ಲಿದ್ದ ಗಂಡನ ಬನಿಯನ್ನು ನೋಡಿದಳು. "ಹೌದೇನ್ರೀ? ನಮ್ಮತ್ತಿ ಕಾಲದಿಂದ ಇದರ ಮ್ಯಾಲೇ ಒಗೀತೀವ್ರಿ. ಒಯ್ಯೂದಿದ್ರ ಒಯ್ರಿ, ಬದ್ಲಿಗೆ ಇಂಥಾದ್ದ ಒಂದು ಕಲ್ಲ ತಂದು ಹಾಕ್ರಿ."

ಆ ಬದಲಿ ಕಲ್ಲಿನ ಅರ್ಜಿ ಹಿಡಿದು ಸರ್ ಕಚೇರಿಗಳನ್ನು ಸುತ್ತುತ್ತಿದ್ದಾರೆ. ಒಗೆಯುವ ಕಲ್ಲು ಮಂಜೂರು ಮಾಡುವ ಯೋಜನೆ ಯಾವ ಇಲಾಖೆಯಲ್ಲೂ ಇಲ್ಲವಂತೆ. ವೀರ ಇನ್ನೂ ಸಾಬೂನಿನ ನೊರೆಯಲ್ಲೇ ಕೈಲಾಸದಲ್ಲಿದ್ದಾನೆ.

ಸರ್ ಮನೆಯವರನ್ನು ನಾವೆಲ್ಲ ಅಕ್ಕಾರು ಅನ್ನುತ್ತೇವೆ. ಇತಿಹಾಸವನ್ನು ಗಂಡನಿಗಿಂತ ಚಲೋ ಅರೆದು ಕುಡಿದವರು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನೇ ಇದ್ದ ಶಕವರ್ಷವನ್ನು ಬದಿಗೆ ಸರಿಸಿ ತನ್ನದೇ ಹೆಸರಿನ ಹೊಸ ಎಣಿಕೆ ಶುರುಮಾಡಿದ. ಶಾಸನದಲ್ಲಿ ಚಾಲುಕ್ಯ ವಿಕ್ರಮ ವರ್ಷ ಮೂವತ್ತೆರಡು ಅಂತ ಕಂಡರೆ ಅದು 1107-08 ಎಂದು ಸರ್ ಕಣ್ಣು ಮುಚ್ಚಿ ಹೇಳುತ್ತಾರೆ. ಅಕ್ಕಾರು ಇದನ್ನು ಮನೆಗೆ ಅಳವಡಿಸಿದ್ದಾರೆ. "ಫ್ರಿಜ್ಜು ಕೆಟ್ಟದ್ದು ನಿವೃತ್ತಿ ಶಕ ಎರಡರಾಗ. ರಿಪೇರಿ ಮಾಡಸ್ತೀನಿ ಅಂತ ಇವರು ಮಾತು ಕೊಟ್ಟದ್ದು ನಾಕರಾಗ. ಈಗ ನಡದದ್ದು ಒಂಬತ್ತು. ಇದನ್ನ ಯಾರರ ಕಲ್ಲಾಗ ಕೆತ್ತಸ್ರಿ."

ತಿಂಗಳಿಗೊಂದು ಭಾನುವಾರ ಸರ್ 'ಪರಂಪರೆ ನಡಿಗೆ' ಇಟ್ಟುಕೊಳ್ಳುತ್ತಾರೆ. ಅವರ ಅಣ್ಣನ ಮಗನೊಬ್ಬ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿಯ ಒಂದು ಹಳ್ಳಿಯಲ್ಲಿ ಮಳೆ ಜಿಟಿಜಿಟಿ ಅನ್ನುತ್ತಿದ್ದರೂ ಇಪ್ಪತ್ತು ಮೂವತ್ತು ಮಂದಿ ಛತ್ರಿ ಹಿಡಿದು, ರೊಕ್ಕ ಕೊಟ್ಟು, ಹಳೇ ಚರ್ಚು, ಹಳೇ ಗಿರಣಿ, ಹಳೇ ಸಾರಾಯಿ ಅಂಗಡಿ ನೋಡುತ್ತ ನಡೆದರೆಂದೂ, ಕೊನೆಗೆ ಎಲ್ಲರೂ ಚಹಾ ಕುಡಿದು ಚಪ್ಪಾಳೆ ತಟ್ಟಿದರೆಂದೂ ಅವನು ಫೋನಿನಲ್ಲಿ ಹೇಳಿದ್ದೇ ಈ ಹುಚ್ಚಿಗೆ ಮೂಲ. ರೊಕ್ಕ ಕೊಟ್ಟು ಎಂಬಲ್ಲಿಗೆ ಸರ್ ಕಣ್ಣು ಮಿಂಚಿತ್ತು. ನಮ್ಮಲ್ಲಿ ಮೊದಲ ನಡಿಗೆಗೆ ಇಪ್ಪತ್ತು ರೂಪಾಯಿ ಅಂತ ಚೀಟಿ ಹಚ್ಚಿದರು. ಯಾರೂ ಬರಲಿಲ್ಲ. ಎರಡನೆಯದಕ್ಕೆ ಪುಕ್ಕಟೆ ಅಂದರು. ನಾಲ್ಕು ಜನ ಬಂದರು. ಮೂರನೆಯದಕ್ಕೆ ಮಿರ್ಚಿ-ಮಂಡಕ್ಕಿ ಉಂಟು ಅಂದರು. ಅಂದಿನಿಂದ ಹಾವೇರಿ ಜನಕ್ಕೆ ಇತಿಹಾಸಪ್ರಜ್ಞೆ ಬಂದಿದೆ.

ಪುರಸಿದ್ಧೇಶ್ವರ ಗುಡಿ ಮುಂದೆ ಎಲ್ಲರೂ ಸೇರಿದ ಮೇಲೆ ಸರ್ ಮೊದಲು ಕೇಳುವ ಪ್ರಶ್ನೆ: "ಈ ಗುಡಿ ಯಾವ ದಿಕ್ಕಿಗೆ ಮುಖ ಮಾಡೈತಿ?" ಚಾಲುಕ್ಯರ ಗುಡಿಗಳು ರೂಢಿಯಂತೆ ಪೂರ್ವಕ್ಕೆ ತಿರುಗಿರುತ್ತವೆ, ಇದು ಪಶ್ಚಿಮಕ್ಕೆ. ಮೊದಲು ಯಾವ ದೇವರಿಗಾಗಿ ಕಟ್ಟಿದ್ದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇದನ್ನು ಹೇಳುವಾಗ ಸರ್ ಮುಖದಲ್ಲಿ ಪರಮಾನಂದ. ಕೇಳುವವರ ಮುಖದಲ್ಲಿ ನಿರಾಶೆ. ಜನಕ್ಕೆ ಬೇಕಾದದ್ದು ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರು, ಕೋಳಿ ಕೂಗಿತು, ಅರ್ಧಕ್ಕೇ ಬಿಟ್ಟು ಓಡಿದರು ಅನ್ನುವ ಕಥೆ. ಕಲ್ಯಾಣದ ಅರಸರಿಗೆ ಕಲ್ಲು ಕಡಿಯುವ ಸಂಬಳದ ಮಂದಿ ಇದ್ದರು ಎಂದರೆ ಯಾರಿಗೂ ಕೈಮುಗಿಯಬೇಕು ಅನ್ನಿಸುವುದಿಲ್ಲ.

ಆಮೇಲೆ ಕಲ್ಲಿನ ಮಾತು. ಗುಡಿ ಬಳಪದ ಕಲ್ಲಿನದು. "ಗಣಿಯಿಂದ ತಗದಾಗ ಮೆತ್ತಗಿರ್ತೈತಿ, ಬೇಕಾದಂಗ ಕೆತ್ತಬಹುದು. ಗಾಳಿಗೆ ಬಿದ್ದು ವರ್ಷ ಕಳದಂಗ ಗಟ್ಟಿ ಆಕ್ಕೈತಿ."

"ಮದಿವಿ ಆದ ಗಂಡಸರ ಹಂಗ," ಎಂದರು ಹಿಂದಿನಿಂದ ಅಕ್ಕಾರು.

ಕಂಬಗಳನ್ನು ತಿರುಗಣಿಗೆ ಹಚ್ಚಿ ಕಡೆದಿದ್ದಾರೆ, ನುಣುಪು ನೋಡ್ರಿ ಎಂದು ಸರ್ ಕಂಬವನ್ನು ಕರುವಿನ ಮೈ ಸವರಿದಂತೆ ಸವರುವಾಗ ಅಲ್ಲೇ ಮಗ್ಗುಲಲ್ಲಿ ಮೊಳೆಯಿಂದ ಗೀಚಿದ ಎರಡು ಹೆಸರು, ನಡುವೆ ಬಾಣ ಚುಚ್ಚಿದ ಹೃದಯ ಕಂಡಿತು. ಬೈಯುತ್ತಾರೆ ಎಂದುಕೊಂಡೆವು. ಅವರು ಕನ್ನಡಕ ಏರಿಸಿ ಓದಿದರು. "ಇದೂ ಶಾಸನಾನ? ಶಾಸನ ಅಂದ್ರ ಆಳೂ ಅರಸನ ಹೆಸರು ಬೇಕು, ತಿಥಿ ವಾರ ಬೇಕು, ಏನು ದಾನ ಕೊಟ್ಟ ಅಂತ ಬೇಕು, ಕಡೀಕೆ ಒಂದು ಶಾಪ ಬೇಕು. ಇಲ್ಲಿ ಬರೇ ಫಲಾನುಭವಿಗಳ ಹೆಸರೈತಿ."

ಅರ್ಧ ದಾರಿಗೇ ಕಾಲು ನೋವು ಅನ್ನುವವರಿಗೆ ಅವರ ಬಳಿ ಒಂದೇ ಔಷಧ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಗಾಂಧೀಜಿ ಸಂಗಡ ಸಾಬರಮತಿಯಿಂದ ದಂಡಿಗೆ ನಡೆದ. ಇಪ್ಪತ್ನಾಲ್ಕು ದಿನ, ಸುಮಾರು 385 ಕಿಲೋಮೀಟರು. "ಅವಂಗ ಮಿರ್ಚಿ ಕೊಡ್ತೀನಿ ಅಂತ ಯಾರೂ ಹೇಳಿರ್ಲಿಲ್ಲ." ಅಲ್ಲಿಗೆ ಮಾತು ನಿಲ್ಲಿಸಿಬಿಡುತ್ತಾರೆ. 1943ರ ಏಪ್ರಿಲ್ ಒಂದರಂದು ಹೊಸರಿತ್ತಿಯಲ್ಲಿ ಗುಂಡೇಟು ತಿಂದು ಅವನು ಹೋದದ್ದು ಎಲ್ಲರಿಗೂ ಗೊತ್ತು. ಒಂದು ತಾಮ್ರಪಟದ ಮೇಲೆ ಮುಕ್ಕಾಲು ತಾಸು ಮಾತಾಡುವ ಮನುಷ್ಯ ಇಲ್ಲಿ ಮಾತ್ರ ಎರಡೇ ಮಾತಿಗೆ ಸುಮ್ಮನಾಗುವುದನ್ನು ನಾನು ಬಹಳ ಸಲ ಗಮನಿಸಿದ್ದೇನೆ.

ಸರ್ ಜೀವನದ ದೊಡ್ಡ ಸಂಕಟ ಆದದ್ದು ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ. ರಾಣೆಬೆನ್ನೂರು ಕಡೆಯಿಂದ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಗೆ ಹೋಗಿದ್ದೆವು. ಅಲ್ಲಿಯ ಆಳೆತ್ತರದ ಶಾಸನ ತೋರಿಸಿ, ಗುತ್ತಲದ ಗುತ್ತರು ಇಷ್ಟಗಲ ನಾಡು ಆಳುತ್ತ ತಾವು ಉಜ್ಜಯಿನಿಯ ಗುಪ್ತರ ವಂಶದವರೆಂದು ಬರೆಸಿಕೊಂಡ ಕಥೆ ಹೇಳಿದರು. (ಶಾಸಕರು ನಮ್ಮ ಸೋದರಮಾವನ ಬೀಗರು ಅನ್ನುವ ಮಂದಿ ಆಗಲೂ ಇದ್ದರು ಎಂದಾಯಿತು.) ಹೊರಳಿ ಬರುವಾಗ ಒಬ್ಬ ರೈತ ಟೆಂಪೋ ನಿಲ್ಲಿಸಿದ. ಹೊಲದ ಬದುವಿನಲ್ಲಿ ಬರಹದ ಕಲ್ಲೊಂದಿದೆ, ಓದಿ ಹೇಳಬೇಕು.

"ನಿಧಿ ಎಲ್ಲೈತಿ ಅಂತ ಬರದಿರಬೇಕ್ರಿ ಸರ. ನಮ್ಮಜ್ಜ ಹೇಳ್ತಿದ್ದ."

ಸರ್ ಪಡಿಯಚ್ಚಿಗೆ ಕುಳಿತರು. ಮೊದಲು ಕಲ್ಲು ತೊಳೆದು ಅಕ್ಷರದ ಸಂದಿಯ ಮಣ್ಣನ್ನು ಕಡ್ಡಿಯಿಂದ ಕೆದರಿ ತೆಗೆದರು. ಹಾಳೆ ತೋಯಿಸಿ ಕಲ್ಲಿಗೆ ಅಂಟಿಸಿದರು. ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಬಡಿಯತೊಡಗಿದರು. ಬಡಿದಂತೆಲ್ಲ ಹಾಳೆ ಅಕ್ಷರದ ಗುಂಡಿಯೊಳಗೆ ಇಳಿಯಿತು. ಅರ್ಧ ಒಣಗಿದ ಮೇಲೆ ಬಟ್ಟೆಯ ಗುಂಡನ್ನು ಮಸಿಯಲ್ಲಿ ಅದ್ದಿ ಮೆಲ್ಲಗೆ ಒತ್ತಿದರು. ಕಪ್ಪು ಹಾಳೆಯ ಮೇಲೆ ಬೆಳ್ಳಗೆ ಒಂದೊಂದೇ ಸಾಲು ಎದ್ದುಬಂತು. ಅಷ್ಟರಲ್ಲಿ ಅರ್ಧ ಊರು ಸೇರಿತ್ತು. ರೈತ ಎರಡು ಸಲ ಚಹಾ ತರಿಸಿದ್ದ. ಯಾರೋ ಸನಿಕೆಯನ್ನೂ ತಂದು ಬೇಲಿಗೆ ಆನಿಸಿದ್ದರು.

ಸರ್ ಓದಿದರು. "ದೇವರ ನಂದಾದೀಪಕ್ಕ ಒಂದು ಗಾಣದ ಎಣ್ಣಿ ಬಿಟ್ಟಾರ. ಪೂಜೆಗೆ ಹನ್ನೆರಡು ಮತ್ತರು ಭೂಮಿ ಕೊಟ್ಟಾರ. ಎಲ್ಲೆ ಹೇಳ್ಯಾರ: ಮೂಡಲಕ್ಕ ಕೆರಿ ಕೋಡಿ, ತೆಂಕಲಕ್ಕ ಹಳ್ಳ, ಪಡುವಲಕ್ಕ ಹೆದ್ದಾರಿ..."

ಜನ ಕೆರೆ ನೋಡಿದರು, ಹಳ್ಳ ನೋಡಿದರು, ದಾರಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೇ ರೈತನನ್ನು ನೋಡಿದರು.

"ಸರ, ಈ ಹೊಲದ ಪಹಣಿ ನಮ್ಮ ಹೆಸರಲೇ ಐತ್ರಿ," ಎಂದ ಅವನು. ದನಿ ಇಳಿದಿತ್ತು.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಹಾಳೆ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಸರ್ ಅರ್ಧ ಓದಿ ಬಿಡುವವರಲ್ಲ. "ಕಡೀ ಸಾಲು ಭಾಳ ಮುಖ್ಯ. ಕೊಟ್ಟ ಭೂಮಿ ಕಸಗೊಂಡವ ಅರವತ್ತು ಸಾವಿರ ವರ್ಷ ಹೊಲಸಿನಾಗ ಹುಳ ಆಗಿ ಹುಟ್ಟತಾನ ಅಂತೈತಿ. ಇದು ಎಲ್ಲಾ ಶಾಸನದಾಗೂ ಇರ್ತೈತಿ, ನೀವೇನೂ ಮನಸಿಗೆ ಹಚಗೋಬ್ಯಾಡ್ರಿ."

ಮೂರನೇ ಚಹಾ ಬರಲಿಲ್ಲ. ಮುಂದಿನ ವಾರ ಹೋಗಿ ನೋಡಿದರೆ ಕಲ್ಲು ಮಕಾಡೆ ಮಲಗಿತ್ತು. ಹದಿನೈದು ದಿನ ಬಿಟ್ಟು ಆ ರೈತನೇ ಅರ್ಧ ಚೀಲ ಶೇಂಗಾ ಹೊತ್ತುಕೊಂಡು ಸರ್ ಮನೆಗೆ ಬಂದ. ಅದೂ ಇದೂ ಮಾತಾಡಿ ಕಡೆಗೆ, "ಸರ, ಆ ಕರೇ ಹಾಳಿ ಎಷ್ಟಕ್ಕ ಕೊಡ್ತೀರಿ?" ಅಂದ. ಹಾಳೆ ಕೊಡಲಿಲ್ಲ. ಶೇಂಗಾವನ್ನು ಅಕ್ಕಾರು ವಾಪಸು ಕೊಡಲಿಲ್ಲ.

ನಡಿಗೆಯದು ಈ ಪಾಡಾದರೆ ಉಪನ್ಯಾಸದ್ದು ಇನ್ನೊಂದು. ಬ್ಯಾಡಗಿಯಲ್ಲಿ ಒಂದು ರಾಜ್ಯೋತ್ಸವಕ್ಕೆ ಕರೆದಿದ್ದರು. ವಿಷಯ 'ನಮ್ಮ ಊರು, ನಮ್ಮ ಹೆಮ್ಮೆ'. ವೇಳೆ ಹದಿನೈದು ನಿಮಿಷ. ಮುಂದಿನ ಸಾಲಿನಲ್ಲಿ ದಲಾಲಿ ಅಂಗಡಿಯವರು, ವ್ಯಾಪಾರಸ್ಥರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು, ಡಬ್ಬಿ, ಕಡ್ಡಿ ಎಂಬ ತಳಿಗಳು, ಬಣ್ಣ ಜಾಸ್ತಿ ಖಾರ ಕಡಿಮೆ, ಅದರಿಂದ ತೆಗೆದ ಬಣ್ಣ ಪೇಟೆಯ ಹೆಂಗಸರ ತುಟಿಯವರೆಗೆ ಹೋಗುತ್ತದೆ ಅನ್ನುವ ತನಕ ಚಪ್ಪಾಳೆಯೋ ಚಪ್ಪಾಳೆ. ಅಲ್ಲಿಗೇ ಕುಳಿತಿದ್ದರೆ ಶಾಲು, ಹಣ್ಣಿನ ಬುಟ್ಟಿ, ಒಂದು ಕಿಲೋ ಖಾರದಪುಡಿಯ ಪೊಟ್ಟಣ ಖಾತ್ರಿ ಇತ್ತು. ಸರ್ ನೀರು ಕುಡಿದು ಮುಂದುವರಿದರು.

"ಆದ್ರ ಮೆಣಸಿನಕಾಯಿ ನಮ್ಮದಲ್ಲ. ಅಮೆರಿಕದ್ದು. ಪೋರ್ಚುಗೀಸರು ಹಡಗದಾಗ ತಂದದ್ದು. ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸದಾಗ ಅರಮನಿ ಅಡಗಿ ಎಲ್ಲಾ ಬರದಾನ. ಒಂದು ಮೆಣಸಿನಕಾಯಿ ಇಲ್ಲ."

ಸಭೆ ತಣ್ಣಗಾಯಿತು. ಒಬ್ಬ ವ್ಯಾಪಾರಸ್ಥರು ಎದ್ದರು. "ಹಂಗಾರ ಚಾಲುಕ್ಯರು ಖಾರ ತಿಂತಿರ್ಲಿಲ್ಲೇನ್ರಿ?"

"ಕಾಳುಮೆಣಸು ತಿಂತಿದ್ರು."

"ಬರೇ ಅದನ್ನ ತಿಂದು ಅಷ್ಟು ಯುದ್ಧ ಹೆಂಗ ಗೆದ್ರು?"

ಇದಕ್ಕೆ ಸರ್ ಬಳಿ ಆಧಾರವಿರಲಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕಾಗಿನೆಲೆಯ ಯುವಕನೊಬ್ಬ ಎದ್ದ. ಕಾಗಿನೆಲೆ ಇದೇ ತಾಲೂಕಿನದು. "ಕನಕದಾಸರು ನಮ್ಮ ಮೆಣಸಿನಕಾಯಿ ತಿಂದಿಲ್ಲ ಅಂತೀರೇನ್ರಿ?"

ಸರ್ ಹಣೆ ಒರೆಸಿಕೊಂಡರು. "ತಮ್ಮಾ, ಅವರು ರಾಮಧಾನ್ಯಚರಿತೆ ಬರದಾರ. ರಾಗಿಗೂ ಅಕ್ಕಿಗೂ ಜಗಳ. ಧಾನ್ಯಗಳೆಲ್ಲ ಸೇರಿದ ಆ ಸಭಾದಾಗ ಮೆಣಸಿನಕಾಯಿ ಇದ್ದಿದ್ರ ನಡುವ ಬಾಯಿ ಹಾಕಲಾರದ ಸುಮ್ಮನ ಕುಂದ್ರತಿತ್ತೇನು?"

ಜನ ನಕ್ಕರು, ಚಪ್ಪಾಳೆಯೂ ಬಿತ್ತು. ಜೀವನದಲ್ಲಿ ಮೊದಲ ಸಲ ಸರ್ ಸೋತ ಸಭೆಯನ್ನು ಗೆದ್ದಿದ್ದರು. ಬಸ್ಸಿನಲ್ಲಿ ಮಾತ್ರ ದಾರಿಯುದ್ದಕ್ಕೂ ಚಡಪಡಿಸಿದರು: "ಮೆಣಸಿನಕಾಯಿ ಧಾನ್ಯ ಅಲ್ಲಲ್ರೀ. ನನ್ನ ವಾದ ತಪ್ಪು. ನಾಳೆ ಆ ಹುಡುಗಗ ಕಾಗದ ಬರೀಬೇಕು." ಬರೆದರು ಕೂಡ, ನಾಲ್ಕು ಪುಟ. ಖಾರದಪುಡಿಯ ಪೊಟ್ಟಣ ಸಂಘಟಕರಿಗೆ ಅದೇಕೋ ಮರೆತುಹೋಗಿತ್ತು. ಅದನ್ನು ಅಕ್ಕಾರು ನಿವೃತ್ತಿ ಶಕ ಏಳರ ನಷ್ಟದ ಲೆಕ್ಕಕ್ಕೆ ಬರೆದಿಟ್ಟಿದ್ದಾರೆ.

ಈಚಿನ ನಡಿಗೆ ಬಂಕಾಪುರದ ಕೋಟೆಗೆ. ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರಿನ ಊರು, ಗುಣಭದ್ರರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆಯಾದದ್ದು ಇಲ್ಲೇ ಎಂದು ಸರ್ ಹೇಳುತ್ತಿದ್ದಂತೆ ಕೋಟೆಯ ನವಿಲೊಂದು ಕೂಗಿ ಅರ್ಧ ಮಂದಿ ಅತ್ತ ಓಡಿದರು. ಉಳಿದವರನ್ನು ನಗರೇಶ್ವರ ಗುಡಿಯೊಳಗೆ ಕರೆದೊಯ್ದರು. ಊರವರ ಬಾಯಲ್ಲಿ ಅದು ಅರವತ್ತು ಕಂಬದ ಗುಡಿ. ಐದನೇ ಇಯತ್ತೆಯ ಹುಡುಗನೊಬ್ಬ ಸುಮ್ಮನಿರಲಾರದೆ ಕೇಳಿದ: "ಸರ, ಖರೇನ ಅರವತ್ತ ಅದಾವ?"

ಬೇರೆ ಯಾರಾದರೂ ಹೂಂ ಅಂದುಬಿಡುತ್ತಿದ್ದರು. ಸರ್ ಎಲ್ಲರನ್ನೂ ಎಣಿಸಲು ಹಚ್ಚಿದರು. ಹುಡುಗನಿಗೆ ಒಂದು ಲೆಕ್ಕ ಬಂತು, ನನಗೆ ಇನ್ನೊಂದು. ಗೋಡೆಗೆ ಅಂಟಿಕೊಂಡ ಅರೆಗಂಬ ಹಿಡಿಯಬೇಕೋ ಬಿಡಬೇಕೋ ಎಂದು ನಿವೃತ್ತ ಗ್ರಾಮಲೆಕ್ಕಿಗರು ತಕರಾರು ತೆಗೆದರು. ಟೆಂಪೋ ಡ್ರೈವರ್ ಮೂರು ಸಲ ಹಾರ್ನ್ ಹೊಡೆದ. ಹೊರಗೆ ಬೇವಿನ ನೆರಳಲ್ಲಿ ಅಕ್ಕಾರು ಬುತ್ತಿ ಬಿಚ್ಚಿ ರೊಟ್ಟಿ, ಗುರೆಳ್ಳ ಚಟ್ನಿ ಹಚ್ಚುತ್ತ ಕೂಗಿದರು: "ಹೆಸರಿಟ್ಟವರು ಎಣಿಸಿ ಇಟ್ಟಿರ್ತಾರ. ಉಣ್ಣಾಕ ಬರ್ರಿ!"

ಒಳಗಿನಿಂದ ಸರ್ ದನಿ ಬಂತು. ಮತ್ತೆ ಒಂದರಿಂದ ಶುರುಮಾಡಿದ್ದರು.