ಹ್ಯಾಲೋವೀನ್ ಅಲಂಕಾರ ಕೈಪಿಡಿ: ಹೊನ್ನಾವರ ಸೀಮೆಯ ಆವೃತ್ತಿ

ಬಳಸುವ ಮುನ್ನ ಓದಿ

ಅಕ್ಟೋಬರ್ ಕೊನೆಯ ವಾರ ಬೆಂಗಳೂರಿನಿಂದಲೋ ನ್ಯೂಜೆರ್ಸಿಯಿಂದಲೋ ಕುಮಟಾ, ಹೊನ್ನಾವರ, ಭಟ್ಕಳದ ಅಜ್ಜಿಮನೆಗೆ ಬಂದಿಳಿಯುವ ಮೊಮ್ಮಕ್ಕಳಿಗಾಗಿ, ಅವರ ಕೈಗೆ ಸಿಕ್ಕಿಬೀಳುವ ಹಿರಿಯರಿಗಾಗಿ ಈ ಕೈಪಿಡಿ. ಅಕ್ಟೋಬರ್ 31ರ ರಾತ್ರಿ ಮನೆ ಭೂತಬಂಗಲೆಯಾಗಬೇಕು, ಪ್ಲಾಸ್ಟಿಕ್ ಮಾತ್ರ ಕೂಡದು ಎಂಬುದು ಮಕ್ಕಳ ಷರತ್ತು. ಷರತ್ತು ಒಳ್ಳೆಯದೇ. ಆದ್ದರಿಂದ ಆನ್‌ಲೈನಿನಲ್ಲಿ ತರಿಸಿದ ಅಸ್ಥಿಪಂಜರ, ರಬ್ಬರ್ ಬಾವಲಿಗಳ ಪೆಟ್ಟಿಗೆಯನ್ನು ಬಿಚ್ಚದೆ ವಾಪಸು ಮಾಡಿ. ಅಲಂಕಾರಕ್ಕೆ ಬಳಸುವ ಥರ್ಮೊಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಭೂತಗಳಿಗೂ ವಿನಾಯಿತಿ ಇಲ್ಲ.

ಸಾಮಗ್ರಿ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮರುದಿನ ಇದನ್ನು ಯಾರು ತಿನ್ನುತ್ತಾರೆ? ಮನೆಯವರು, ಕೊಟ್ಟಿಗೆಯ ದನ, ಬಚ್ಚಲೊಲೆ, ತೋಟದ ಮಣ್ಣು. ಈ ನಾಲ್ವರಲ್ಲಿ ಒಬ್ಬರೂ ಒಪ್ಪದ ವಸ್ತು ಹೊಸ್ತಿಲು ದಾಟಬಾರದು. ‘ಪರಿಸರಸ್ನೇಹಿ’ ಎಂದು ಹಸಿರು ಅಕ್ಷರದಲ್ಲಿ ಅಚ್ಚಾದ ಡಬ್ಬಿಗಳು ಹೆಚ್ಚಾಗಿ ಇಲ್ಲೇ ನಪಾಸಾಗುತ್ತವೆ. ಸೆಣಬಿನ ದಾರವೇನೋ ಸರಿ, ಅದಕ್ಕೆ ಅಂಟಿಸಿದ ಮಿನುಗುಪುಡಿಯನ್ನು ಯಾರ ತಟ್ಟೆಗೆ ಬಡಿಸುತ್ತೀರಿ?

ಕುಂಬಳಕಾಯಿ ಸಮಸ್ಯೆ

ಮೂಲದಲ್ಲಿ ಐರ್ಲೆಂಡಿನವರು ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆಯನ್ನು. ಅವರು ಅಮೆರಿಕಕ್ಕೆ ವಲಸೆ ಹೋದಾಗ ಅಲ್ಲಿ ಕುಂಬಳ ದೊಡ್ಡದಾಗಿ, ಕೊರೆಯಲು ಮೆತ್ತಗಾಗಿ ಸಿಕ್ಕಿತು. ದೀಪ ಅದರೊಳಗೆ ಹೋಯಿತು. ಊರು ಬದಲಾದಾಗ ಒಮ್ಮೆ ತರಕಾರಿ ಬದಲಾಗಿದೆ ಎಂದಮೇಲೆ ಅಘನಾಶಿನಿ ದಂಡೆಯಲ್ಲಿ ಇನ್ನೊಮ್ಮೆ ಬದಲಾಯಿಸಲು ಯಾರ ಅಪ್ಪಣೆಯೂ ಬೇಡ.

ಕುಂಬಳವೇ ಬೇಕೆಂದು ಹಟ ಹಿಡಿದರೆ ಸಿಹಿಗುಂಬಳ ತನ್ನಿ. ಚಾಕು ಹಿಡಿದ ಕ್ಷಣಕ್ಕೆ ಒಳಗಿನಿಂದ ‘ತಮ್ಮಾ, ಎಂತ ಮಾಡ್ತೆ ಅಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ‘ಕಡುಬಿಗೆ ತಿರುಳು ತೆಗೀತಾ ಇದ್ದೆ ಆಯೀ’ ಎಂಬುದೊಂದೇ ಸರಿಯಾದ ಉತ್ತರ, ಅದು ನಿಜವೂ ಆಗಿರಬೇಕು. ತಿರುಳು ಕಡುಬಿಗೆ, ಬೀಜ ಬಾಣಲೆಗೆ. ಉಳಿದ ಚಿಪ್ಪಿಗೆ ಕಣ್ಣು, ಹಲ್ಲು ಕೊರೆದು ಒಂದು ರಾತ್ರಿ ದೀಪ ಇಡಿ. ಎರಡನೇ ರಾತ್ರಿಗೆ ಉಳಿಸಿಕೊಳ್ಳಬೇಡಿ, ನಮ್ಮ ಕರಾವಳಿಯ ಸೆಕೆಗೆ ಬೂಸ್ಟು ಬೇಗ ಹಿಡಿಯುತ್ತದೆ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಅದು ಗೋದಲಿಯಲ್ಲಿರಲಿ.

ಎಚ್ಚರಿಕೆ: ಬೂದುಗುಂಬಳವನ್ನು ಈ ಕೆಲಸಕ್ಕೆ ಬಳಸಬಾರದು. ಕತ್ತಲಲ್ಲಿ ಗೇಟಿನ ಬಳಿ ಕುಂಕುಮ ಬಳಿದ ಬೂದುಗುಂಬಳ ಕಂಡರೆ ದಾರಿಹೋಕರು ನಗುವುದಿಲ್ಲ, ಯಾರೋ ಏನೋ ಮಾಡಿಸಿದ್ದಾರೆ ಎಂದುಕೊಂಡು ಸುತ್ತಿ ಹೋಗುತ್ತಾರೆ. ಮರುದಿನದಿಂದ ಮೀನು ಮಾರುವ ಹೆಂಗಸೂ ನಿಮ್ಮ ಅಂಗಳಕ್ಕೆ ಬರದಿದ್ದರೆ ತಯಾರಕರು ಹೊಣೆಯಲ್ಲ.

ನನ್ನನ್ನು ಕೇಳಿದರೆ ತೆಂಗಿನ ಗರಟೆಯೇ ವಾಸಿ. ಮೂರು ಕಣ್ಣಿನ ಭಾಗದ ಗರಟೆಯಲ್ಲಿ ಮುಖ ಆಗಲೇ ಇದೆ, ಕೊರೆಯುವ ಕೆಲಸವೇ ಇಲ್ಲ. ನಾರು ಹೆರೆದು, ಮೆತ್ತಗಿರುವ ಒಂದು ಕಣ್ಣನ್ನು ಚುಚ್ಚಿ ತೂತು ಮಾಡಿ. ಗಟ್ಟಿಯಿರುವ ಉಳಿದೆರಡಕ್ಕೆ ಮೊಳೆ, ಸುತ್ತಿಗೆ ಬೇಕು, ದೊಡ್ಡವರ ಕೈಯೂ ಬೇಕು. ಹಣತೆಗೆ ಕೊಬ್ಬರಿ ಎಣ್ಣೆ, ಹಳೆ ಪಂಚೆಯ ಬತ್ತಿ ಹಾಕಿ ಹಚ್ಚಿ. ಗರಟೆಯನ್ನು ಅದರ ಮೇಲೆ ಬೋರಲು ಹಾಕಿ, ಗಾಳಿಯಾಡಲು ಒಂದು ಬದಿಗೆ ಕಲ್ಲು ಕೊಡಿ. ಕಾವಲಿಗೆ ಒಬ್ಬರು ಕೂರಲಿ. ಬೆಳಗಾದರೆ ಗರಟೆಯ ದಾರಿ ಸೀದಾ ಬಚ್ಚಲೊಲೆಗೆ.

ತೂಗುವ ವಸ್ತುಗಳು

ಅಮೆರಿಕದವರು ಮಾಡಿನಿಂದ ಕಾಗದದ ಬಾವಲಿ ತೂಗಿಸುತ್ತಾರೆ. ನಮ್ಮ ಅಟ್ಟದಲ್ಲಿ ಬಾಳೆನಾರಿನಿಂದ ಕಟ್ಟಿದ ಮೊಗೆಕಾಯಿಗಳು ಹೇಗೂ ತೂಗುತ್ತಿರುತ್ತವೆ. ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಕೊಂಡ ಕುಮಟಾದ ಸಿಹಿ ಈರುಳ್ಳಿಯ ಜಡೆ ಉಳಿದಿದ್ದರೆ ಅದೂ ಪಕ್ಕದಲ್ಲೇ. ಕೆಳಗೊಂದು ದೀಪ ಇಟ್ಟು ಗೋಡೆಯ ಮೇಲಿನ ನೆರಳು ನೋಡಿ. ಚೌತಿಯಲ್ಲಿ ಗಣಪತಿಯ ನೆತ್ತಿಯ ಮೇಲೆ ಫಲಾವಳಿ ಕಟ್ಟಿದ ಮರದ ಚೌಕಟ್ಟು ಅಟ್ಟ ಸೇರಿರುತ್ತದಲ್ಲ, ಅದನ್ನೂ ಇಳಿಸಬಹುದು. ಹಾಗಲಕಾಯಿ, ಸೌತೆಕಾಯಿ, ಅಂಬಟೆಕಾಯಿ, ಅಡಿಕೆಗೊನೆ, ಕಾಡಿನ ಹೂವುಗಳನ್ನು ಕಟ್ಟಿ ಚಪ್ಪರ ತುಂಬಿಸುವ ವಿದ್ಯೆ ಇಲ್ಲಿಯ ಮಕ್ಕಳಿಗೆ ಅಂಗಡಿಯಿಂದ ಬರಬೇಕಿಲ್ಲ. ಆದರೆ ಅಜ್ಜನನ್ನು ಕೇಳದೆ ಆ ಚೌಕಟ್ಟನ್ನು ಮುಟ್ಟಬೇಡಿ. ದೇವರದ್ದನ್ನು ದೆವ್ವಕ್ಕೆ ಬಳಸುವ ಬಗ್ಗೆ ಮನೆಮನೆಗೆ ಒಂದೊಂದು ಕಾನೂನಿದೆ.

ಜೇಡರಬಲೆಗೆ ಮಾಡಬೇಕಾದ್ದು ಇಷ್ಟೇ: ಕಸಬರಿಗೆ ಮುಟ್ಟಬೇಡಿ. ಪೊಟ್ಟಣದಲ್ಲಿ ಬರುವ ಹಿಂಜಿದ ಬಲೆಯನ್ನು ಗಿಡಗಳ ಮೇಲೆ ಹರಡಿದರೆ ಹಕ್ಕಿ, ಚಿಟ್ಟೆ, ಜೇನುನೊಣ ಸಿಕ್ಕಿಕೊಳ್ಳುತ್ತವೆ. ಇದೊಂದು ಮಾತನ್ನು ತಮಾಷೆಗೆ ಹೇಳುತ್ತಿಲ್ಲ.

ಕಾಣದ ಭೂತ ಬೇಕಾದವರಿಗೆ ಭಟ್ಕಳ ಮಲ್ಲಿಗೆ. ಬಾಳೆನಾರಿನಲ್ಲಿ ನೆಯ್ದ ಒಂದು ದಂಡೆಯನ್ನು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸಿಗಿಸಿ ಸುಮ್ಮನಿದ್ದುಬಿಡಿ. ರಾತ್ರಿ ಹೂ ಅರಳಿ, ಹೆಣ್ಣಿಲ್ಲದ ಕಡೆ ಮಲ್ಲಿಗೆ ಘಮಘಮಿಸಿದರೆ ನಮ್ಮ ಕಡೆಯ ಗಂಡಸರಿಗೆ ಮೋಹಿನಿ ನೆನಪಾಗದೆ ಇರುವುದಿಲ್ಲ. ಹಬ್ಬದ ಹೊತ್ತಿನಲ್ಲಿ ಮೊಳದ ದರ ಕೇಳಿದಾಗ ಆಗುವ ಹೆದರಿಕೆ ಪುಕ್ಕಟೆ.

ಆಳೆತ್ತರದ ಭೂತ

ಅಸ್ಥಿಪಂಜರಕ್ಕೆ ಬದಲಿ ಬೆರ್ಚಪ್ಪ. ಎರಡು ಗಳ, ಒಂದು ಹೊರೆ ಹುಲ್ಲು, ಅಜ್ಜನ ಹರಿದ ಅಂಗಿ, ತಲೆಗೆ ಒಡಕು ಮಡಕೆ, ಮಡಕೆಗೆ ಸುಣ್ಣದ ಕಣ್ಣು. ಗದ್ದೆಯಲ್ಲಿ ನಿಂತವನನ್ನೇ ಒಂದು ರಾತ್ರಿಗೆ ಎರವಲು ತರುವ ಯೋಚನೆ ಬಂದರೆ ಬಿಟ್ಟುಬಿಡಿ. ಭತ್ತದ ತೆನೆ ಬಾಗುವ ಕಾಲವದು. ಅವನು ನಿಮ್ಮ ಜಗಲಿಯಲ್ಲಿ ಮಕ್ಕಳನ್ನು ಹೆದರಿಸುತ್ತಿದ್ದರೆ ಅತ್ತ ಗದ್ದೆಗೆ ಹಂದಿ ನುಗ್ಗಿರುತ್ತದೆ.

ಜೀವಂತ ರಾಕ್ಷಸ ಬೇಕೆನ್ನುವವರಿಗೆ ಈ ಸೀಮೆಯಲ್ಲಿ ಬರವಿಲ್ಲ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಕುಣಿಯುತ್ತಿದೆ. ಯಕ್ಷಗಾನದ ರಾಕ್ಷಸನ ಮುಖದಲ್ಲಿ ಮುಳ್ಳು ಮುಳ್ಳಾಗಿ ಏಳುವ ಬಿಳಿ ಚಿಟ್ಟಿಯನ್ನು ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಇಡುತ್ತಾರೆ. ಮನೆಯಲ್ಲಿ ಪ್ರಯತ್ನಿಸುವವರು ಸುಣ್ಣ ಬಿಟ್ಟು ಬರೀ ಹಿಟ್ಟಿನಲ್ಲಿ ತೃಪ್ತರಾಗಿ, ಮಕ್ಕಳ ಚರ್ಮ ಸುಟ್ಟೀತು. ಒಂದೊಂದೇ ಚುಕ್ಕಿ ಇಟ್ಟು ಒಣಗಿಸುವಷ್ಟರಲ್ಲಿ ರಾಕ್ಷಸ ನಿದ್ದೆಹೋಗುವ ಸಂಭವ ಹೆಚ್ಚು. ಅಂಥವನಿಗೆ ಅಡಿಕೆ ಹಾಳೆಯ ಮುಖವಾಡ ಸಾಕು: ನೆನೆಸಿ, ಕತ್ತರಿಸಿ, ಮಸಿ ಮತ್ತು ಕೆಮ್ಮಣ್ಣು ಬಳಿದರೆ ಆಯಿತು.

ಅಜ್ಜಿಯ ಆಕ್ಷೇಪಣೆ

ಹೆಚ್ಚಿನ ಮನೆಗಳಲ್ಲಿ ಯೋಜನೆ ನಿಲ್ಲುವುದು ಇಲ್ಲಿ. ‘ಸತ್ತವರನ್ನೆಲ್ಲ ಪಿತೃಪಕ್ಷದಲ್ಲಿ ಕರೆದು ಉಣ್ಣಿಸಿ ಕಳಿಸಿಯಾಯ್ತಲ, ಮತ್ತೆಂತಕ್ಕೆ ಕರೆಯೂದು?’ ಎಂದು ಕೇಳುತ್ತಾರೆ. ಈ ವಾದಕ್ಕೆ ಎದುರುವಾದವಿಲ್ಲ, ಪಂಚಾಂಗವನ್ನೇ ಮುಂದಿಡಿ. 2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂದಿತ್ತು. ಪಾತಾಳದಿಂದ ಬಲೀಂದ್ರ ಬಂದು, ಪೂಜೆ ತೆಗೆದುಕೊಂಡು, ಮರ್ಯಾದೆಯಿಂದ ವಾಪಸಾಗುವ ಹಬ್ಬ ಅದೇ ಆಸುಪಾಸಿನಲ್ಲಿದೆ. ನೆಲದಡಿಯಿಂದ ಬರುವ ಅತಿಥಿಗೆ ಮನೆ ಸಿಂಗರಿಸುವ ಪದ್ಧತಿ ನಮ್ಮದೇ ಎಂದಮೇಲೆ ಅಜ್ಜಿ ಅರ್ಧ ಒಪ್ಪಿದ ಹಾಗೆ.

ಉಳಿದರ್ಧಕ್ಕೆ ಬಚ್ಚಲುಮನೆಯ ಕೆಲಸಕ್ಕೆ ಕೈಹಾಕಿ. ನೀರು ತುಂಬುವ ಸಂಜೆ, ಅಂದರೆ ಬೂರೆ ಹಬ್ಬದಂದು, ಹಂಡೆಯನ್ನು ತಿಕ್ಕಿ ತೊಳೆದು, ಶೇಡಿಯಲ್ಲಿ ಗೆರೆ ಎಳೆದು, ಹಿಂಡಲಕಾಯಿಯ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬಿ. ಹೊಗೆ ಹಿಡಿದ ಕರಿ ಗೋಡೆ, ಬೆಂಕಿಯ ಮೇಲೆ ಬಿಳಿ ಚಿತ್ತಾರದ ಹಂಡೆ, ಸುತ್ತ ಕಹಿಕಾಯಿಗಳ ಬಳ್ಳಿ: ಮಾಟಗಾತಿಯ ಕಡಾಯಿಗೆಂದು ದುಡ್ಡು ಕೊಟ್ಟು ತರಿಸುವವರು ಒಮ್ಮೆ ಬಂದು ನೋಡಬೇಕು. ಅದರಲ್ಲಿ ಬೆಳಗಿನ ಜಾವ ಎಣ್ಣೆಸ್ನಾನವೂ ಆಗುತ್ತದೆ.

ದೋಷ ನಿವಾರಣೆ

ದೀಪ ಆರುತ್ತಿದೆ: ಹಿಂಗಾರು ಮಳೆ. ಎಲ್ಲವನ್ನೂ ಜಗಲಿಯೊಳಗೆ ತನ್ನಿ.

ಮಕ್ಕಳು ಹೆದರುತ್ತಿಲ್ಲ: ಕರೆಂಟು ಹೋಗುವವರೆಗೆ ಕಾಯಿರಿ.

ಬೆಳಗ್ಗೆ ಎದ್ದು ನೋಡಿದರೆ ಅಲಂಕಾರ ಪೂರ್ತಿ ನಾಪತ್ತೆ: ತಾರೀಕು ನೋಡಿಕೊಳ್ಳಿ. ಬೂರೆ ಹಬ್ಬದ ರಾತ್ರಿ ಊರ ಹುಡುಗರು ಹಿತ್ತಿಲಿಂದ ಸೌತೆಕಾಯಿ, ಎಳನೀರು ಕದಿಯುವುದು ಇಲ್ಲೂ ಘಟ್ಟದ ಮೇಲೂ ಹಳೆಯ ರೂಢಿ. ಬಾಗಿಲು ತಟ್ಟಿ ಮಿಠಾಯಿ ಕೇಳುವ ಅಮೆರಿಕದ ಮಕ್ಕಳಿಗೆ ಇಷ್ಟು ಧೈರ್ಯವಿಲ್ಲ. ತಿನ್ನುವಂಥದ್ದು ಹೋಗಿದ್ದರೆ ಆಸೆ ಬಿಡಿ, ತಿನ್ನಲಾಗದ್ದು ಹೋಗಿದ್ದರೆ ಪಕ್ಕದ ಮನೆಯ ಬಾವಿಕಟ್ಟೆಯನ್ನೋ ಶಾಲೆಯ ಅಂಗಳವನ್ನೋ ನೋಡಿ. ನಿಮ್ಮ ಬೆರ್ಚಪ್ಪ ಊರ ಹಿರಿಯರೊಬ್ಬರ ಆರಾಮಕುರ್ಚಿಯಲ್ಲಿ ಕೂತು ಬಸ್ಸಿಗೆ ಕಾಯುತ್ತಿದ್ದರೆ ಆಶ್ಚರ್ಯಪಡಬೇಡಿ. ಜಗಳಕ್ಕೆ ಹೋಗುವ ಮೊದಲು ನಿಮ್ಮ ಮೊಮ್ಮಕ್ಕಳು ರಾತ್ರಿ ಎಲ್ಲಿದ್ದರು ಎಂದು ಸಣ್ಣ ದನಿಯಲ್ಲಿ ವಿಚಾರಿಸಿಕೊಳ್ಳಿ.