ನಡತಿ ಚಲೋ ಐತಿ ಅಂದ್ರ ಕೆನಡಾ ಕೇಳಂಗಿಲ್ಲ

ಆ ಫೈಲು ಬೇಲಿ ಮ್ಯಾಲಿಂದ ಕೊಡ್ರಿ ಅಕ್ಕಾರ, ಸಂದ್ಯಾಗಿಂದ ಬ್ಯಾಡ, ಮುಳ್ಳು ತರಚೀತು. ಹಾಂ, ಬಂತು. ಇದಽ ಏನು ನಿಮ್ಮ ಸಣ್ಣಾಂವ ಕೆನಡಾದಾಗ ನೆಲಸಾಕ ಹಾಕೋ ಅರ್ಜಿಗೆ ಹಚ್ಚತೀನಿ ಅನ್ನೋ ಕಾಗದ? “ಇವರು ನಮ್ಮ ಕಾರ್ಖಾನೆಯಲ್ಲಿ ಫಿಟರ್ ಆಗಿ 2017ರಿಂದ ಕೆಲಸ ಮಾಡುತ್ತಿದ್ದಾರೆ. ಇವರ ನಡತೆ ಉತ್ತಮವಾಗಿದೆ. ಮುಂದಿನ ಭವಿಷ್ಯಕ್ಕೆ ಶುಭ ಕೋರುತ್ತೇವೆ.” ಕೆಳಗ ರಬ್ಬರ್ ಸ್ಟ್ಯಾಂಪು, ಅದರ ಮ್ಯಾಲೆ ಯಾರ ಸಹಿ ಅಂತ ಆ ಸಹಿ ಮಾಡಿದಾಂವಗೂ ಗೊತ್ತಾಗಬಾರದು, ಹಂಗೈತಿ. ಕನ್ಯಾ ನೋಡಾಕ ಹೋಗೂದಿದ್ರ ಈ ಕಾಗದ ಧಾರಾಳ ಆತು. ಕೆನಡಾಕ್ಕ ಸಾಲಂಗಿಲ್ಲ.

“ಅಯ್ಯ, ನಡತಿಗಿಂತ ದೊಡ್ಡದೇನೈತಿ ಅಣ್ಣಾರ?”

ನಡತಿ ಸಲುವಾಗಿ ಕೆನಡಾದವರು ಪೊಲೀಸ್ ಸರ್ಟಿಫಿಕೇಟ್ ಅಂತ ಬ್ಯಾರೆನಽ ಕಾಗದ ತರಸ್ತಾರ. ಇಲ್ಲಿ ಅವರು ಕೇಳೂದು, ಹುಡುಗ ಕೈಲೆ ಏನು ಮಾಡ್ಯಾನ ಅಂತ. ಕಾರ್ಖಾನಿ ಲೆಟರ್‌ಹೆಡ್ ಬೇಕು, ಅದರಾಗ ವಿಳಾಸ, ಫೋನು, ಇ–ಮೇಲ್ ಇರಬೇಕು. ಸಹಿ ಮಾಡಿದವರ ಹೆಸರು, ಹುದ್ದೆ ಓದಾಕ ಬರಬೇಕು. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ವಾರಕ್ಕ ಎಷ್ಟು ತಾಸು, ವರ್ಷಕ್ಕ ಎಷ್ಟು ಪಗಾರ, ಬೋನಸ್ಸು–ಕ್ವಾರ್ಟರ್ಸು ಸಹಿತ. ಎಲ್ಲಾಕ್ಕಿಂತ ಮುಖ್ಯ, ದಿನಾ ಮಾಡೋ ಕೆಲಸ ಏನೇನು ಅನ್ನೂದು. ನೀವು ಕೊಟ್ಟ ಕಾಗದದಾಗ ಅದರ ಸುದ್ದಿನಽ ಇಲ್ಲ. ಬಿಟ್ಟದ್ದನ್ನ ಆಫೀಸರ ಫೋನ್ ಮಾಡಿ ಕೇಳಿ ತುಂಬಿಸ್ಕೋತಾನ ಅಂತ ಕುಂದರಬ್ಯಾಡ್ರಿ. ತೋರಿಸಿಕೊಡೂದು ಅರ್ಜಿ ಹಾಕಿದಾಂವನ ಜವಾಬ್ದಾರಿ, ಅವನದಲ್ಲ.

“ಫಿಟರ್ ಅಂದಮ್ಯಾಲೆ ಫಿಟರ್. ಅದರಾಗ ಬರಿಯೂದೇನು?”

ಅಲ್ಲೇ ಐತಿ ನೋಡ್ರಿ ಮಜಾ. ಕೆನಡಾದಾಗ ಒಂದೊಂದು ಕೆಲಸಕ್ಕ ಐದಂಕಿ ನಂಬರ್ ಕೊಟ್ಟಾರ. 2022ರ ನವೆಂಬರ್ ತಿಂಗಳಿನಿಂದ ಈ ಹೊಸ ಪಟ್ಟಿ ನಡದೈತಿ. ಅದರಾಗ ಎರಡನೇ ಅಂಕಿ ಸೊನ್ನಿಯಿಂದ ಮೂರರೊಳಗ ಇದ್ರ ‘ಕುಶಲ ಕೆಲಸಗಾರ’, ನಾಕು–ಐದು ಇದ್ರ ಅಲ್ಲ. ಯಂತ್ರ ಬಿಚ್ಚಿ ಕೂಡಸೋ ಫಿಟರನಿಗೆ 72400. ಎರಡನೇದು ಎರಡು, ಒಳಗ ಬಂದ. ಆಹಾರ ಕಾರ್ಖಾನಿಯೊಳಗ ಯಂತ್ರ ನಡಸಾಂವಗ 94140. ನಾಕು, ಹೊರಗ ಹೋದ. ಅಂದ್ರ ನಮ್ಮ ಸಕ್ಕರಿ ಕಾರ್ಖಾನಿ ಪ್ಯಾನ್‌ಮನ್ನು ಹೊರಗಽ! ಪ್ರೂಫ್ ಸ್ಟಿಕ್ ಎಳದು, ಕುದಿಯೋ ಪಾಕ ಗಾಜಿನ ಮ್ಯಾಲೆ ಸವರಿ, ಬೆಳಕಿಗೆ ಹಿಡದು, ಕಾಳು ಕಟ್ಟೇತೋ ಇಲ್ಲೋ ಅಂತ ಕಣ್ಣಾಗಽ ಹೇಳೋ ಮನಿಷ್ಯಾ ಅಂವ. ಅವನಿಲ್ಲದಿದ್ರ ಸಕ್ಕರಿ ಆಗೂದಿಲ್ಲ, ಬರೇ ಕಾಕಂಬಿ. ಅವನ ಕೈಗುಣಕ್ಕ ಕುಶಲ ಅನ್ನದ ಪಟ್ಟಿ ಬಗ್ಗೆ ನನಗೇನೂ ಗೌರವ ಇಲ್ಲ, ಆದ್ರ ನನ್ನ ಗೌರವ ತಗೊಂಡು ಕೆನಡಾದವರು ಏನು ಮಾಡ್ತಾರ.

ಅದಕ್ಕಽ ನಿಮ್ಮ ಹುಡುಗ ಬರೇ ‘ಫಿಟರ್’ ಅಂತ ಬರಸಿದ್ರ ಕೆಲಸ ಆಗೂದಿಲ್ಲ. ಸಕ್ಕರಿ ಕಾರ್ಖಾನಿ ಕಂಡಿರಲಾರದಾಂವ ಓದ್ತಾನ. ಮಿಲ್ ರೋಲರ್ ಇಳಸೂದು, ಬೇರಿಂಗ್ ಬದಲಿ ಮಾಡೂದು, ಗೇರ್‌ಬಾಕ್ಸ್ ಅಲೈನ್‌ಮೆಂಟ್ ನೋಡೂದು, ಪಂಪು ಬಿಚ್ಚಿ ಸೀಲ್ ಹಾಕೂದು, ಡ್ರಾಯಿಂಗ್ ಓದೂದು. ಹಿಂಗ ಅಂವ ಮಾಡಿದ್ದನ್ನ, ಅವನ ಮಾತಿನ್ಯಾಗ ಬರೀಬೇಕು. ಬೆಂಗಳೂರಿನ ಒಬ್ಬ ಏಜೆಂಟ ಆ ಪಟ್ಟಿಯೊಳಗಿನ ಸಾಲುಗಳನ್ನ ಅಕ್ಷರ ಬಿಡಲಾರದಂಗ ಇಳಿಸಿ ಕೊಡ್ತಾನಂತ. ಪಟ್ಟಿ ಬರದವರಿಗೇ ಅವರ ಪಟ್ಟಿ ಓದಿ ತೋರಿಸಿದ್ರ ಸಂಶೇ ಬರದಽ ಇರ್ತೈತೇನ್ರಿ?

ಇನ್ನೊಂದು ದೊಡ್ಡ ಗಂಟು ನಮ್ಮ ಕಡಿದಽ ಐತಿ, ಅದು ಸೀಜನ್. ಹತ್ತು ವರ್ಷದೊಳಗ ಒಂದಽ ನಮೂನಿ ಕೆಲಸ ಒಂದು ವರ್ಷ ಖಂಡ ಬೀಳಲಾರದಂಗ ಮಾಡಿರಬೇಕು ಅಂತಾರ. ವಾರಕ್ಕ 30 ತಾಸಿನಂಗ ಒಟ್ಟು 1,560 ತಾಸು. ಸೀಜನ್ದಾಗ ದಿನಕ್ಕ ಹನ್ನೆರಡು ತಾಸು ದುಡದೀನಿ, ಐದು ತಿಂಗಳದಾಗ ಮುಗಿಸೀನಿ ಅಂದ್ರ ನಡಿಯೂದಿಲ್ಲ. ವಾರಕ್ಕ 30ರ ಮ್ಯಾಲಿಂದು ಲೆಕ್ಕಕ್ಕಽ ಹಿಡಿಯಂಗಿಲ್ಲ. ಕಬ್ಬು ಮುಗದ ಕೂಡ್ಲೆ ಮನೀಗೆ ಬಂದು ರಿಟೆನ್ಷನ್ ಅಲೋನ್ಸ್ ತಗೊಳ್ಳೋ ಸೀಜನಲ್ ಮಂದಿಗೆ ಇದು ತೊಡಕು. ನಿಮ್ಮ ಹುಡುಗ ಹಂಗಲ್ಲ, ಸೀಜನ್ ಮುಗದಮ್ಯಾಲಿನ ಓವರಾಲಿಂಗ್‌ದಾಗೂ ಹೊಲಸು ಗ್ರೀಸ್ ಬಡಕೊಂಡು ಬರ್ತಾನ, ಬೇಲಿ ಮ್ಯಾಲಿನ ಅರಬಿ ನಾನಽ ನೋಡ್ತೀನಿ. ಹನ್ನೆರಡೂ ತಿಂಗಳು ಕೆಲಸ ಅಂತ ಕಾಗದದಾಗ ಸ್ವಚ್ಛ ಬರಲಿ. ಸಕ್ಕರಿ ಕಾರ್ಖಾನಿ ಅಂದ ಕೂಡ್ಲೆ ಸೀಜನ್ ಅಂತ ಅಲ್ಲಿಯವರಿಗೂ ಹೊಳಿತೈತಿ. ಆಲ್ಬರ್ಟಾದ ಟೇಬರ್ ಅನ್ನೋ ಊರಾಗ ಅವರದೂ ಒಂದು ಸಕ್ಕರಿ ಕಾರ್ಖಾನಿ ಐತಿ. ಕಬ್ಬಲ್ಲ, ಬೀಟ್ ಗಡ್ಡಿ.

“ಹಂಗಾರ ಮೊದಲಿನ ಎರಡು ವರ್ಷ ಕಾಂಟ್ರಾಕ್ಟರ್ ಕೈಯಾಗಿದ್ನಲ್ಲ, ಅದು?”

ಅದಕ್ಕ ಕಾಂಟ್ರಾಕ್ಟರನಽ ಕಾಗದ ಕೊಡಬೇಕು. ಕಾರ್ಖಾನಿ ಗೇಟಿನೊಳಗ ದುಡದ್ರೂ ಪಗಾರ ಕೊಟ್ಟಾಂವ ಅಂವ. ರೊಕ್ಕ ಕೈಯಾಗ ಕೊಟ್ಟಿದ್ರ, ಪಿಎಫ್ ಕಟ್ಟಿರದಿದ್ರ, ಆ ಎರಡು ವರ್ಷ ತೋರಸೂದು ಕಷ್ಟ. ಪಗಾರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಫಾರ್ಮ್ 16, ಪಿಎಫ್ ಪಾಸ್‌ಬುಕ್ಕು, ಇವು ಕಾಗದದ ಬೆನ್ನಿಗೆ ನಿಲ್ಲೋ ಸಾಕ್ಷಿ. ತಾರೀಖು ಒಂದಕ್ಕೊಂದು ಕೂಡಬೇಕು. ಆಫೀಸಿನವರು “ನಮ್ಮ ನಮೂನಿ ಇಷ್ಟಽ, ಹೆಚ್ಚಿಗೆ ಬರಿಯಂಗಿಲ್ಲ” ಅಂದ್ರ ಅದಕ್ಕೂ ದಾರಿ ಐತಿ. ಅವನ ಮ್ಯಾಲಿನ ಇಂಜಿನಿಯರ್ ಕಡಿಂದ ಸ್ಟ್ಯಾಂಪ್ ಪೇಪರ್ ಮ್ಯಾಲೆ ಕೆಲಸದ ವಿವರ ಬರಸ್ಕೊಂಡು, ಹಿಂಗ್ಯಾಕ ಅಂತ ತಾನೊಂದು ಪತ್ರ ಜೋಡಸಬೇಕು.

ಹೆಸರಿಂದೂ ನೋಡ್ಕೊಳ್ರಿ. ನಮ್ಮ ಸಮೀರವಾಡಿ ಕಾರ್ಖಾನಿನಽ ತಗೋರಿ. ಹಳೇ ಮಂದಿ ಆರ್ಡರಿನ್ಯಾಗ ಗೋದಾವರಿ ಶುಗರ್ ಮಿಲ್ಸ್, ಈಗಿನ ಚೀಟಿಯೊಳಗ ಗೋದಾವರಿ ಬಯೋರಿಫೈನರೀಸ್. ನಮಗ ಎರಡೂ ಸೋಮಯ್ಯಾ ಅವರ ಕಾರ್ಖಾನಿ, ಕೆನಡಾದಾಂವಗ ಎರಡು ಬ್ಯಾರೆ ಕಂಪನಿ. ಒಂದು ಸಾಲು ಬರದು ತಿಳಿಸಿದ್ರ ಮುಗೀತು. ಹುಡುಗನ ಹುಟ್ಟಿದ ದಾಖಲೆದಾಗ ಬಿಜಾಪುರ ಜಿಲ್ಲಾ, ಪಾಸ್‌ಪೋರ್ಟಿನ್ಯಾಗ ಬಾಗಲಕೋಟೆ. 1997ರಾಗ ಜಿಲ್ಲಾ ಒಡದದ್ದು ಅವರಿಗೇನು ಕನಸು ಬೀಳ್ತೈತಾ? ಕನ್ನಡದಾಗಿನ ಕಾಗದ ಇಂಗ್ಲಿಷಿಗೆ ತಿರುಗಿಸಬೇಕಾದ್ರ ನಿಮ್ಮ ಮೈದುನ ಮಾಸ್ತರ್ ಕಡಿಂದ ಮಾಡಸಬ್ಯಾಡ್ರಿ. ಎಷ್ಟ ಚಲೋ ಇಂಗ್ಲಿಷ್ ಇದ್ರೂ ಕಾಕಾ–ಮಾಮಾ ಮಾಡಿದ್ದು ಒಪ್ಪಂಗಿಲ್ಲ.

“ಏಜೆಂಟ ಅಂದ, ಇಪ್ಪತ್ತು ಸಾವಿರ ಕೊಟ್ರ ಚಂದ ಲೆಟರ್ ತಾನಽ ಹುಟ್ಟಸ್ತೀನಿ ಅಂತ.”

ಅವನ್ನ ಮನಿ ಹೊಸ್ತಿಲಾ ತುಳಸಬ್ಯಾಡ್ರಿ. ಸಂಶೇ ಬಂದ್ರ ಕೆನಡಾದವರು ಕಾರ್ಖಾನಿಗೆ ಫೋನ್ ಹಚ್ಚಿ ಕೇಳ್ತಾರ, ಮೇಲ್ ಹಾಕ್ತಾರ. ಸುಳ್ಳು ಸಿಕ್ತಂದ್ರ ಈ ಅರ್ಜಿ ಹೋಗೂದಷ್ಟಽ ಅಲ್ಲ, ಐದು ವರ್ಷ ಕೆನಡಾದ ಬಾಗಿಲು ಬಂದ್. ಖರೇನಽ ಅನುಭವ ಕಡಿಮಿ ಬಿದ್ರ ಇನ್ನೊಂದು ವರ್ಷ ದುಡದು ಹಾಕಿದ್ರಾತು. ಹೆಂಗೂ ಅವಸರ ಮಾಡಿ ಲಾಭಿಲ್ಲ, ಅವರು ಅರ್ಜಿಗೆ ಹಾಕೋ ಅಂಕದಾಗ 100ಕ್ಕ 67 ಬಂದ್ರೂ ಅದು ಬರೇ ಪಾಳಿಯೊಳಗ ನಿಲ್ಲಾಕ, ಕರದಾಗ ಹೋಗೂದು.

ಕರದಮ್ಯಾಲೆ ಕೈಯಾಗ ಇರೂದು 60 ದಿನ, ಅಷ್ಟರಾಗ ಎಲ್ಲಾ ಕಾಗದ ಏರಿಸಬೇಕು. ಅವಾಗ ಓಡ್ಯಾಡಿದ್ರ ಯಾರು ಸಿಗ್ತಾರ? ಈಗ ಓವರಾಲಿಂಗ್ ನಡದೈತಿ, ಚೀಫ್ ಇಂಜಿನಿಯರ್ ಸಾಹೇಬ್ರು ಕುಂತು ಮಾತಾಡಾಕ ಸಿಗ್ತಾರ. ಬಾಯ್ಲರ್ ಪೂಜಿ ಆಗಿ ಕಬ್ಬಿನ ಟ್ರ್ಯಾಕ್ಟರ್ ಸಾಲು ಹಚ್ಚಿದ್ರ ಮಾರ್ಚ್ ತನಕ ಅವರ ಮಾರಿ ಕಾಣಂಗಿಲ್ಲ. ಇವತ್ತ ರಾತ್ರಿ ಹುಡುಗ ತಾ ಮಾಡೋ ಕೆಲಸ ಒಂದು ಹಾಳಿ ಮ್ಯಾಲೆ ಬರೀಲಿ, ನಾಳೆ ಮುಂಜಾನೆ ಅದನ್ನ ತಗೊಂಡು ಆಫೀಸಿಗೆ ಹೋಗ್ಲಿ, ಅಕ್ಕಾರ.