ಒಂದೇ ರೂಮು, ಮೂರು ದಾರಿ

ಅಲ್ಲಾ ಪಾರ್ವತಮ್ಮ, ಡಿಗ್ರಿ ಕೊನೇ ವರ್ಷಕ್ಕೆ ಬಂದ ಮಕ್ಕಳನ್ನ ಕಂಡೋರೆಲ್ಲ ‘ಮುಂದೇನು?’ ಅಂತಾರಲ್ಲ, ಅವರೇನು ಹೇಳಬೇಕು? ನಿಮ್ಮ ಮಗಳು ನೆಂಟರು ಬಂದ್ರೆ ಈಚೆಗೇ ಬರಲ್ಲ ಅಂದ್ರಿ. ಕೇಳೋರಲ್ಲಿ ಒಬ್ಬರಾದರೂ ದಾರಿ ಹೇಳಿದ್ರಾ? ಬಿ.ಎಡ್. ಮಾಡು, ಕಂಪ್ಯೂಟರ್ ಕಲಿ, ಬೆಂಗಳೂರಿಗೆ ಹೋಗು. ಯಾವ ಮಗುವಿಗಾದ್ರೂ ಅದೇ ಮಾತು. ನನಗೆ ಕೋಪ ಬರೋದು ಅಲ್ಲೇ.

ಅವಳ ಹಾಸ್ಟೆಲ್ ರೂಮನ್ನೇ ನೋಡಿ. ಇವಳು ಹಳ್ಳಿ ಶಾಲೇಲಿ ಒಂದರಿಂದ ಹತ್ತರವರೆಗೂ ಕನ್ನಡದಲ್ಲೇ ಓದಿದೋಳು. ಜೊತೇಲಿರೋಳು ರಾಯಚೂರಿನವಳು. ಇನ್ನೊಬ್ಬಳಿಗೆ ಕಣ್ಣು ಕಾಣಿಸಲ್ಲ. ಮೂವರೂ ಓದೋದು ಅದೇ ಬಿ.ಎ., ಆದರೆ ಅರ್ಜಿ ಹಾಕೋವಾಗ ಕೈಲಿರಬೇಕಾದ ಕಾಗದ ಒಬ್ಬೊಬ್ಬರದು ಒಂದೊಂದು.

ರಾಜ್ಯ ಸರ್ಕಾರದ ನೇಮಕಾತೀಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ನಿಮ್ಮ ಮಗಳಿಗೆ ಅದು ಬೇಕಾದ್ರೆ ಓದಿದ ಶಾಲೆಯ ಹೆಡ್‌ಮಾಸ್ತರ ಸಹಿ, ಅದರ ಮೇಲೆ ಬಿಇಒ ಸಹಿ ಬೇಕು. ಅರ್ಜಿ ಕರೆದ ಮೇಲೆ ಓಡಾಡೋಣ ಅಂತ ಕೂರಬೇಡಿ. ದಸರಾ ರಜೆ ಬಿಡೋ ಮುಂಚೆ, ಶಾಲೆ ತೆಗೆದಿರೋವಾಗಲೇ ಹೋಗಿ ಮಾಡಿಸಿ.

ರಾಯಚೂರಿನ ಹುಡುಗಿಗೆ ಸಂವಿಧಾನದ 371 ಜೆ ವಿಧಿಯ ಮೀಸಲಾತಿ ಇದೆ. 2012ರ ಸಂವಿಧಾನ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಬಂದ ಹಕ್ಕು ಅದು. ಅವಳು ಎ.ಸಿ. ಆಫೀಸಿನಿಂದ ಪ್ರಮಾಣಪತ್ರ ತಂದಿಟ್ಟುಕೊಳ್ಳಲಿ.

ಕಣ್ಣು ಕಾಣದ ಆ ಮಗು ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅವಳಿಗೆ ‘ಪಾಪ’ ಅನ್ನೋರೇ ಜಾಸ್ತಿ, ತಿಳಿಸಿ ಹೇಳೋರು ಕಮ್ಮಿ. 2016ರ ಕಾನೂನಿನ ಪ್ರಕಾರ ಸರ್ಕಾರಿ ಕೆಲಸಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ. 4 ಮೀಸಲಿಡಬೇಕು. ಕೇಂದ್ರದ ಪರೀಕ್ಷೆಗಳಲ್ಲಿ ಉತ್ತರ ಬರೆದುಕೊಡೋಕೆ ಒಬ್ಬರನ್ನ ಕೂರಿಸಿಕೊಳ್ಳಬಹುದು, ಗಂಟೆಗೆ 20 ನಿಮಿಷ ಹೆಚ್ಚಿಗೆ ಸಮಯ ಕೊಡ್ತಾರೆ. ಆದ್ರೆ ಅರ್ಜಿ ತುಂಬೋವಾಗಲೇ ಅದನ್ನ ಕೇಳಿರಬೇಕು. ಅಂಗವಿಕಲರ ಗುರುತಿನ ಚೀಟಿ, ಅಂದ್ರೆ ಯುಡಿಐಡಿ ಕಾರ್ಡ್ ಇಲ್ಲದಿದ್ರೆ ಈಗಲೇ ಮಾಡಿಸಲಿ. ಕಂಪ್ಯೂಟರಿನಲ್ಲಿರೋದನ್ನ ಓದಿ ಹೇಳೋ ಎನ್‌ವಿಡಿಎ ಅನ್ನೋ ತಂತ್ರಾಂಶ ಪುಕ್ಕಟೆ ಸಿಗತ್ತೆ. ಅದರಲ್ಲಿ ಕೈ ಕುದುರಿದ್ರೆ ಖಾಸಗಿ ಕಂಪನೀಲೂ ಕೆಲಸ ಕೇಳಬಹುದು.

ಇಂಗ್ಲಿಷ್ ಬರಲ್ಲ ಅಂತ ನಿಮ್ಮ ಮಗಳು ಕುಗ್ಗಿದ್ದಾಳೆ ಅಂದ್ರಲ್ಲ, ಅದು ಸರಿಯಲ್ಲ ಪಾರ್ವತಮ್ಮ. ಇಂಗ್ಲಿಷ್ ಕಲೀಲಿ, ಬೇಡ ಅನ್ನಲ್ಲ. ಆದ್ರೆ ಬ್ಯಾಂಕ್ ಕ್ಲರ್ಕ್ ಪರೀಕ್ಷೇನ ಈಗ ಕನ್ನಡದಲ್ಲೂ ಬರೀಬಹುದು. ಇಂಗ್ಲಿಷಿನದೇ ಒಂದು ಭಾಗ ಇರತ್ತೆ, ಅದಕ್ಕೆ ಮಾತ್ರ ಬೇರೆ ತಯಾರಿ ಬೇಕು. ಕರ್ನಾಟಕದ ಹುದ್ದೆಗೆ ಬರೋರಿಗೆ ಕನ್ನಡ ಓದಿ, ಬರೆದು, ಮಾತಾಡೋಕೆ ಬರಲೇಬೇಕು ಅಂತ ನಿಯಮಾನೇ ಇದೆ. ಹಳ್ಳಿಯಿಂದ ಬಂದ ರೈತನ ಹತ್ರ ಕೂತು ಸಾಲದ ಕಾಗದ ವಿವರಿಸೋಕೆ ಇವಳಿಗಿಂತ ಚೆನ್ನಾಗಿ ಯಾರಿಗೆ ಬರತ್ತೆ ಹೇಳಿ?

ಕಾಲೇಜಿನ ಪ್ಲೇಸ್‌ಮೆಂಟ್ ನೋಡಿಕೊಳ್ಳೋ ಮೇಷ್ಟ್ರ ಹತ್ರ ಮೂವರೂ ಒಟ್ಟಿಗೇ ಹೋಗಲಿ. ‘ಸರ್, ನಮಗೇನಿದೆ?’ ಅನ್ನೋ ಬದಲು ತಮಗೆ ಯಾವ ಕೆಲಸ ಬೇಕು, ಎಲ್ಲಿ ತೊಡಕಾಗ್ತಿದೆ ಅಂತ ಒಬ್ಬೊಬ್ಬರೂ ಬಿಡಿಸಿ ಹೇಳಲಿ.

ಭಾನುವಾರ ನಿಮ್ಮ ಮಗಳನ್ನ ಇಲ್ಲಿಗೆ ಕಳಿಸಿ. ಮಾರ್ಕ್ಸ್ ಕಾರ್ಡು, ಆಧಾರು ಎರಡನ್ನೂ ತರಲಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ರೆ ದಾಖಲೆ ಪರಿಶೀಲನೇಲಿ ತಕರಾರು ತೆಗೀತಾರೆ. ಅದನ್ನ ಮೊದಲು ಸರಿಮಾಡಿಸೋಣ.